ಆರು ವರ್ಷದ ಗರಡಿ

ಒಬ್ಬ ಹಿರಿಯ ತನ್ನ ನಾಡಿನ ಹುಡುಗರಿಗೆಂದು ಒಂದು ಗರಡಿಮನೆಯನ್ನು ಕಟ್ಟಿಸುತ್ತಾನೆ. ಅಲ್ಲಿಯ ಕಟ್ಟಳೆಗಳನ್ನು ತಾನೇ ಕುಳಿತು ಬರೆಯುತ್ತಾನೆ. ಎರಡು ವರ್ಷ ತುಂಬುವಷ್ಟರಲ್ಲಿ ಹೊರನಾಡಿನ ಹುಡುಗರು ಬಂದು, ಆತ ಬರೆದ ಕಟ್ಟಳೆಗಳಲ್ಲಿ ಒಂದನ್ನೂ ಮುರಿಯದೆ, ಗರಡಿಯನ್ನೇ ತಮ್ಮದಾಗಿಸಿಕೊಳ್ಳುತ್ತಾರೆ. ಕೇಳುವುದಕ್ಕೆ ಅಡಗೂಲಜ್ಜಿಯ ಕಥೆಯಂತಿದ್ದರೂ ಇದು ನಡೆದ ಸಂಗತಿ. 1958ರಿಂದ 1963ರವರೆಗೆ, ಆರೇ ಆರು ವರ್ಷ ನಡೆದು ನಿಂತುಹೋದ ‘ಫಾರ್ಮುಲಾ ಜೂನಿಯರ್’ ಎಂಬ ಕಾರು ಪಂದ್ಯಗಳ ಚರಿತ್ರೆಯೇ ಇದು.

ಹಳಗನ್ನಡ ಕಾವ್ಯಗಳನ್ನು ಪಾಠ ಹೇಳಿಕೊಂಡು ನಿವೃತ್ತನಾದ, ಕಾರನ್ನು ನಡೆಸಲೂ ಬಾರದ ನನಗೆ ಈ ವಿಷಯದಲ್ಲಿ ಏನು ಅಧಿಕಾರ ಎಂದು ಕೇಳುಗರು ಕೇಳಬಹುದು. ಅಧಿಕಾರವೇನೂ ಇಲ್ಲ; ಕುತೂಹಲವುಂಟು. ನಿಯಮವೊಂದು ತನ್ನನ್ನು ಮಾಡಿದವನ ಉದ್ದೇಶಕ್ಕೆ ಹೇಗೆ ಬೆನ್ನು ತಿರುಗಿಸುತ್ತದೆ ಎಂಬುದು ಚರಿತ್ರೆಯಲ್ಲಿ ನನ್ನನ್ನು ಯಾವಾಗಲೂ ಸೆಳೆದಿರುವ ಪ್ರಶ್ನೆ. ಅದಕ್ಕೆ ಇಷ್ಟು ಚಿಕ್ಕದಾಗಿ, ಇಷ್ಟು ನಿಚ್ಚಳವಾಗಿ ದೊರೆಯುವ ನಿದರ್ಶನ ಮತ್ತೊಂದನ್ನು ನಾನು ಕಂಡಿಲ್ಲ.

ಮೊದಲು ‘ಫಾರ್ಮುಲಾ’ ಎಂಬ ಮಾತನ್ನು ಬಿಡಿಸಿಕೊಳ್ಳೋಣ. ಒಬ್ಬನೇ ಕೂರುವಂಥ, ಚಕ್ರಗಳು ಮೈಯಿಂದ ಹೊರಗೆ ಚಾಚಿಕೊಂಡಿರುವ, ಪಂದ್ಯಕ್ಕಲ್ಲದೆ ಮತ್ತಾವ ಕೆಲಸಕ್ಕೂ ಬಾರದ ಕಾರುಗಳಿವೆಯಲ್ಲ, ಅವುಗಳಿಗೆ ಎಂಜಿನ್ನಿನ ಗಾತ್ರ ಇಷ್ಟನ್ನು ಮೀರಬಾರದು, ತೂಕ ಇಷ್ಟಕ್ಕಿಂತ ಕಡಿಮೆ ಇರಬಾರದು ಎಂದು ಗೊತ್ತುಮಾಡುವ ಲೆಕ್ಕಾಚಾರಕ್ಕೆ ಫಾರ್ಮುಲಾ ಎಂದು ಹೆಸರು. ನಮ್ಮ ಪರಿಭಾಷೆಯಲ್ಲಿ ಅದನ್ನು ಛಂದಸ್ಸು ಎನ್ನಬಹುದು. ಮಾತ್ರೆಯ, ಗಣದ ಲೆಕ್ಕ ತಪ್ಪುವಂತಿಲ್ಲ. ಆ ಲೆಕ್ಕದೊಳಗೆ ಏನನ್ನು ಹೇಳುವುದು ಎಂಬುದು ಕವಿಗೆ ಬಿಟ್ಟದ್ದು. ಷಟ್ಪದಿಯನ್ನು ಯಾರು ಬೇಕಾದರೂ ಬರೆಯಬಹುದು, ಕುಮಾರವ್ಯಾಸನಾಗುವುದು ಬೇರೆ ಮಾತು. ಈ ಹೋಲಿಕೆಯನ್ನು ಕೇಳುಗರು ಸ್ವಲ್ಪ ಹೊತ್ತು ಮನಸ್ಸಿನಲ್ಲಿಟ್ಟುಕೊಂಡಿದ್ದರೆ ಮುಂದಿನ ಕಥೆ ಸುಲಭವಾದೀತು.

1950ರ ದಶಕದ ಇಟಲಿಯಲ್ಲಿ ಕಾರು ಪಂದ್ಯವೆಂದರೆ ಜನಕ್ಕೆ ಹಬ್ಬ. ಫೆರಾರಿ, ಮಸೆರಾಟಿ, ಆಲ್ಫಾ ರೋಮಿಯೋ ಎಲ್ಲವೂ ಆ ದೇಶದವೇ. ಆಲ್ಬೆರ್ಟೊ ಅಸ್ಕಾರಿ 1952ರಲ್ಲೂ 1953ರಲ್ಲೂ ವಿಶ್ವ ಚಾಂಪಿಯನ್ನನಾಗಿದ್ದ. ಅನಂತರ ಒಂದು ಕೆಟ್ಟ ಕಾಲ ಬಂದಿತು. 1955ರ ಮೇ 26ರಂದು, ಮೊಂಜಾ ಪಟ್ಟಣದ ಪಂದ್ಯದ ಹಾದಿಯಲ್ಲಿ, ಗೆಳೆಯ ಯುಜೆನಿಯೊ ಕಾಸ್ಟೆಲೊಟ್ಟಿಯ ಕಾರನ್ನು ‘ಎರಡು ಸುತ್ತು ನೋಡಿ ಬರುತ್ತೇನೆ’ ಎಂಬಂತೆ ಹತ್ತಿದ ಅಸ್ಕಾರಿ ಹಿಂದಿರುಗಲಿಲ್ಲ. 1957ರ ಮಾರ್ಚಿನಲ್ಲಿ ಆ ಕಾಸ್ಟೆಲೊಟ್ಟಿಯೂ ಮೊಡೆನಾದಲ್ಲಿ ಕಾರನ್ನು ಪರೀಕ್ಷಿಸುತ್ತಿದ್ದಾಗ ಸತ್ತ. ಅದೇ ವರ್ಷದ ಮೇ ತಿಂಗಳಲ್ಲಿ, ಊರೂರುಗಳ ನಡುವೆ ಸಾರ್ವಜನಿಕ ರಸ್ತೆಯಲ್ಲೇ ನಡೆಯುತ್ತಿದ್ದ ಸಾವಿರ ಮೈಲಿಯ ‘ಮಿಲ್ಲೆ ಮಿಲ್ಯಾ’ ಪಂದ್ಯದಲ್ಲಿ ಸ್ಪೇನಿನ ಡಿ ಪೋರ್ಟಾಗೊ ನಡೆಸುತ್ತಿದ್ದ ಫೆರಾರಿ ಜನರ ಮೇಲೆ ನುಗ್ಗಿ, ಚಾಲಕ, ಅವನ ಜೊತೆಗಾರ, ಹಾದಿಬದಿಯ ಒಂಬತ್ತು ಮಂದಿ, ಅವರಲ್ಲಿ ಐವರು ಮಕ್ಕಳು, ಪ್ರಾಣ ಬಿಟ್ಟರು. ಆ ಪಂದ್ಯ ಅಲ್ಲಿಗೆ ಮುಗಿಯಿತು. ಉಳಿದಿದ್ದ ಲುಯಿಜಿ ಮುಸ್ಸೊ 1958ರ ಜುಲೈಯಲ್ಲಿ ಫ್ರಾನ್ಸಿನ ರೀಮ್ಸ್‌ನಲ್ಲಿ ಮಡಿದ. ಕಾರು ಕಟ್ಟುವ ಕಾರ್ಖಾನೆಗಳು ಇದ್ದಂತೆಯೇ ಇದ್ದವು. ಅವುಗಳಲ್ಲಿ ಕೂರುವ ಇಟಲಿಯ ಮಕ್ಕಳು ಇರಲಿಲ್ಲ.

ಈ ಕೊರತೆಯನ್ನು ಸಾವುಗಳಿಂದ ಮಾತ್ರ ವಿವರಿಸಲಾಗದು ಎಂದು ಕಂಡುಕೊಂಡವನು ಕೌಂಟ್ ಜೊವಾನ್ನಿ ಲುರಾನಿ. ಮಿಲಾನ್ ಕಡೆಯ ಶ್ರೀಮಂತ ಮನೆತನದವನು, 1905ರಲ್ಲಿ ಹುಟ್ಟಿದವನು. ಓದಿನಿಂದ ಎಂಜಿನಿಯರ್, ವೃತ್ತಿಯಿಂದ ಪತ್ರಕರ್ತ, ಹುಚ್ಚಿನಿಂದ ಪಂದ್ಯಗಾರ. 1933ರ ಮಿಲ್ಲೆ ಮಿಲ್ಯಾದಲ್ಲಿ ಇಂಗ್ಲೆಂಡಿನ ಜಾರ್ಜ್ ಐಸ್ಟನ್ ಜೊತೆಗೂಡಿ ಎಂ.ಜಿ. ಕಾರಿನಲ್ಲಿ 1100 ಸಿ.ಸಿ. ವರ್ಗವನ್ನು ಗೆದ್ದಿದ್ದ, 1937ರಲ್ಲಿ ಗೆಳೆಯರೊಡನೆ ‘ಸ್ಕುಡೇರಿಯಾ ಆಂಬ್ರೋಸಿಯಾನಾ’ ಎಂಬ ತಂಡವನ್ನು ಕಟ್ಟಿದ್ದ. ಅವನು ಕೇಳಿಕೊಂಡ ಪ್ರಶ್ನೆ ಸರಳವಾದದ್ದು: ಇಟಲಿಯ ಇಪ್ಪತ್ತು ವರ್ಷದ ಹುಡುಗನೊಬ್ಬ ಒಂಟಿ ಆಸನದ ಕಾರನ್ನು ನಡೆಸಲು ಕಲಿಯಬೇಕಾದರೆ ಎಲ್ಲಿಗೆ ಹೋಗಬೇಕು? ಇಂಗ್ಲೆಂಡಿನಲ್ಲಿ ಅದಕ್ಕೊಂದು ದಾರಿಯಿತ್ತು. ಮೋಟಾರು ಸೈಕಲ್ಲಿನ 500 ಸಿ.ಸಿ. ಎಂಜಿನ್ನನ್ನು ಬೆನ್ನಿಗೆ ಕಟ್ಟಿಕೊಂಡು ಓಡುವ ಪುಟ್ಟ ಕಾರುಗಳ ಪಂದ್ಯಗಳು ಯುದ್ಧ ಮುಗಿದೊಡನೆ ಅಲ್ಲಿ ಹುಟ್ಟಿಕೊಂಡಿದ್ದವು. 1950ರಿಂದ ಅವಕ್ಕೆ ಅಂತರರಾಷ್ಟ್ರೀಯ ಮನ್ನಣೆಯೂ ದೊರೆತಿತ್ತು. ಸ್ಟರ್ಲಿಂಗ್ ಮಾಸ್ ಮೊದಲಾದವರು ಬಂದದ್ದು ಆ ದಾರಿಯಿಂದ. ಆದರೆ ಆ ಕಾರುಗಳಲ್ಲಿ ಗೆಲ್ಲುತ್ತಿದ್ದದ್ದು ಇಂಗ್ಲೆಂಡಿನ ನಾರ್ಟನ್ ಎಂಜಿನ್ನು. ಇಟಲಿಯವರಿಗೆ ಅದರಲ್ಲಿ ಆಸಕ್ತಿ ಹುಟ್ಟಲಿಲ್ಲ. ಚೈನಿನಿಂದ ಓಡುವುದನ್ನು ಕಾರು ಎನ್ನುವುದು ಹೇಗೆ ಎಂಬ ತಾತ್ಸಾರವೂ ಇತ್ತೆಂದು ತೋರುತ್ತದೆ.

ಲುರಾನಿಯ ಯೋಜನೆ ಇದು: ನಿಜವಾದ ಕಾರಿನ ಎಂಜಿನ್ ಇರಬೇಕು, ನಿಜವಾದ ಗೇರುಗಳಿರಬೇಕು, ಆದರೆ ಬೆಲೆ ಮಧ್ಯಮವರ್ಗದವನ ಕೈಗೆ ಎಟುಕುವಂತಿರಬೇಕು. ಆದ್ದರಿಂದ ಎಂಜಿನ್ನನ್ನು ಪಂದ್ಯಕ್ಕೆಂದೇ ತಯಾರಿಸುವಂತಿಲ್ಲ. ಸಂಸಾರಸ್ಥರು ಕೊಳ್ಳುವ, ಸಾವಿರಗಟ್ಟಲೆ ತಯಾರಾಗುವ ಕಾರಿನಿಂದಲೇ ಅದರ ಅಚ್ಚನ್ನೂ ಮೇಲಿನ ತಲೆಯನ್ನೂ ತೆಗೆದುಕೊಳ್ಳಬೇಕು. ಗೇರಿನ ಪೆಟ್ಟಿಗೆಯೂ ಅಂಥ ಕಾರಿನದೇ ಆಗಿರಬೇಕು. ಪೆಟ್ರೋಲು ಬೀದಿಬದಿಯ ಬಂಕಿನದು. ಎಂಜಿನ್ 1100 ಸಿ.ಸಿ.ಯೊಳಗಿದ್ದರೆ ಕಾರಿನ ತೂಕ 400 ಕಿಲೋಗ್ರಾಮಿಗೆ ಕಡಿಮೆ ಇರಬಾರದು, 1000 ಸಿ.ಸಿ.ಯೊಳಗಿದ್ದರೆ 360 ಕಿಲೋಗ್ರಾಂ ಸಾಕು. ಚಿಕ್ಕ ಎಂಜಿನ್ನಿನವನಿಗೆ ಪಾಪ, ನಲವತ್ತು ಕಿಲೋ ರಿಯಾಯಿತಿ. ಈ ರಿಯಾಯಿತಿಯನ್ನು ಕೇಳುಗರು ನೆನಪಿನಲ್ಲಿಡಬೇಕು. ಮನೆಗೆ ನೆಂಟರು ಬಂದದ್ದು ಈ ಹಿತ್ತಲ ಬಾಗಿಲಿನಿಂದಲೇ.

ಈ ಲೆಕ್ಕಗಳನ್ನೆಲ್ಲ ಬರೆಯುವಾಗ ಲುರಾನಿಯ ಕಣ್ಣೆದುರು ಇದ್ದದ್ದು ಫಿಯೆಟ್ 1100 ಎಂಬ ಕಾರು. ಇಟಲಿಯಲ್ಲಿ ಎಲ್ಲಿ ನೋಡಿದರೂ ಅದೇ. ಅದರ ಎಂಜಿನ್ 1089 ಸಿ.ಸಿ.; 1100ರ ಮಿತಿಯೊಳಗೆ ಅಳತೆ ತೆಗೆದು ಹೊಲಿಸಿದ ಅಂಗಿಯ ಹಾಗೆ ಕೂರುತ್ತಿತ್ತು. ಹಾಗಾಗಿ 1958ರಲ್ಲಿ ಪಂದ್ಯಗಳು ಆರಂಭವಾದಾಗ ಎಲ್ಲರ ಹೊಟ್ಟೆಯೊಳಗೂ ಇದ್ದದ್ದು ಆ ಫಿಯೆಟ್ಟೇ. ಮೊಡೆನಾದ ವಿಟ್ಟೋರಿಯೊ ಸ್ಟಾಂಗ್ವೆಲ್ಲಿನಿ ಕಟ್ಟಿದ ಕಾರು ಎಲ್ಲಕ್ಕಿಂತ ಚೆಲುವಾದದ್ದು. ಮೂತಿ ಉದ್ದ, ಎಂಜಿನ್ ಮುಂದೆ, ಚಾಲಕ ಹಿಂದೆ ನೆಟ್ಟಗೆ ಕುಳಿತು ಅಗಲವಾದ ಚಕ್ರವನ್ನು ಎರಡು ಕೈಯಿಂದ ಹಿಡಿಯುತ್ತಾನೆ. ಅಂದಿನ ಮಸೆರಾಟಿಯ ಗ್ರ್ಯಾಂಡ್ ಪ್ರಿ ಕಾರನ್ನು ಅಂಗೈಯಗಲ ಮಾಡಿದ ಹಾಗೆ ಅದರ ರೂಪ. ಅದರ ಚಿತ್ರಗಳನ್ನು ನೋಡಿದಾಗ, ತಂದೆಯ ಪೇಟವನ್ನು ಸುತ್ತಿಕೊಂಡು ನಿಂತ ಹುಡುಗನನ್ನು ನೋಡಿದಂತಾಗುತ್ತದೆ. ವೋಲ್ಪಿನಿ, ಟರಾಸ್ಕಿ, ಮೊರೆಟ್ಟಿ, ಡಾಗ್ರಾಡಾ ಎಂದು ಊರಿಗೊಬ್ಬ ಬಡಗಿಯಂತೆ ಕಾರು ಕಟ್ಟುವವರು ಎದ್ದರು. ಮೊದಲ ವರ್ಷದ ಇಟಲಿಯ ಚಾಂಪಿಯನ್ ರೊಬೆರ್ಟೊ ಲಿಪ್ಪಿಯದು ಸ್ಟಾಂಗ್ವೆಲ್ಲಿನಿ.

ಆ ವರ್ಷವೇ ಅಂತರರಾಷ್ಟ್ರೀಯ ಮೋಟಾರು ಒಕ್ಕೂಟ ಲುರಾನಿಯ ಲೆಕ್ಕವನ್ನು ಅಂಗೀಕರಿಸಿತು. 1959ರಿಂದ ಪಂದ್ಯಗಳು ದೇಶದೇಶಗಳಿಗೆ ಹಬ್ಬಿದವು. ಮೊನಾಕೊದ ಪ್ರಸಿದ್ಧ ಗ್ರ್ಯಾಂಡ್ ಪ್ರಿ ಪಂದ್ಯದ ಜೊತೆಯಲ್ಲೇ ಕಿರಿಯರ ಪಂದ್ಯಕ್ಕೂ ಎಡೆ ದೊರೆಯಿತು. ಅಮೆರಿಕಕ್ಕೆ ಸ್ಟಾಂಗ್ವೆಲ್ಲಿನಿಗಳು ಹಡಗೇರಿ ಹೋದವು. ಪೂರ್ವ ಜರ್ಮನಿಯಲ್ಲಿ ಹೈಂಟ್ಸ್ ಮೆಲ್ಕುಸ್ ಎಂಬುವನು ಅಲ್ಲಿಯ ವಾರ್ಟ್‌ಬುರ್ಗ್ ಕಾರಿನ ಎಂಜಿನ್ನಿಟ್ಟು ಜೂನಿಯರ್ ಕಾರುಗಳನ್ನು ಕಟ್ಟಿದ. ಶೀತಲ ಸಮರದ ಆ ದಿನಗಳಲ್ಲಿ ಗೋಡೆಯ ಎರಡು ಕಡೆಯವರೂ ಒಪ್ಪಿಕೊಂಡ ಛಂದಸ್ಸು ಇದೊಂದೇ ಇರಬೇಕು.

1959ರ ಮೊನಾಕೊ ಕಿರಿಯರ ಪಂದ್ಯವನ್ನು ಸ್ಟಾಂಗ್ವೆಲ್ಲಿನಿಯಲ್ಲಿ ಗೆದ್ದವನು ಸ್ವಿಟ್ಜರ್ಲೆಂಡಿನ ಮಿಖಾಯೆಲ್ ಮೇ. ಈತನ ವಿಷಯ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1956ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ತನ್ನ ಪೋರ್ಷೆ ಕಾರಿನ ನೆತ್ತಿಯ ಮೇಲೆ ವಿಮಾನದ ರೆಕ್ಕೆಯನ್ನು ತಲೆಕೆಳಗು ಮಾಡಿ ಕೂರಿಸಿಕೊಂಡು ಜರ್ಮನಿಯ ನ್ಯೂರ್‌ಬುರ್ಗ್‌ರಿಂಗ್‌ಗೆ ಬಂದಿದ್ದ. ವಿಮಾನದ ರೆಕ್ಕೆ ಮೇಲಕ್ಕೆತ್ತುತ್ತದೆಯಾದರೆ ತಿರುಗಿಸಿಟ್ಟ ರೆಕ್ಕೆ ಕಾರನ್ನು ನೆಲಕ್ಕೆ ಒತ್ತಬೇಕಲ್ಲವೆ ಎಂಬುದು ಅವನ ತರ್ಕ. ಪಂದ್ಯ ನಡೆಸುವವರು ಬೇಡವೆಂದರು. ಹನ್ನೆರಡು ವರ್ಷಗಳ ಮೇಲೆ ಗ್ರ್ಯಾಂಡ್ ಪ್ರಿ ಕಾರುಗಳೆಲ್ಲ ರೆಕ್ಕೆ ಧರಿಸಿದವು.

ಇನ್ನು ಇಂಗ್ಲೆಂಡಿನ ಕಡೆಗೆ ಬರೋಣ. ಅಲ್ಲಿಯವರು ಮೊದಲು ಇದನ್ನು ಇಟಲಿಯವರ ಮನೆಯಾಟವೆಂದು ಭಾವಿಸಿದ್ದರು. 1959ರಲ್ಲಿ ಎರಡು ಸಂಗತಿಗಳು ನಡೆದವು. ಕೂಪರ್ ಎಂಬ ಚಿಕ್ಕ ಕಾರ್ಖಾನೆ, ಎಂಜಿನ್ನನ್ನು ಚಾಲಕನ ಬೆನ್ನ ಹಿಂದಿಟ್ಟ ಕಾರಿನಿಂದ ಆಸ್ಟ್ರೇಲಿಯಾದ ಜ್ಯಾಕ್ ಬ್ರಬಾಮ್‌ನನ್ನು ವಿಶ್ವ ಚಾಂಪಿಯನ್ ಮಾಡಿತು. ಎಂಜಿನ್ ಹಿಂದಿದ್ದರೆ ಚಾಲಕ ಕೆಳಗೆ ಒರಗಿ ಮಲಗಬಹುದು, ಮೂತಿ ಚಪ್ಪಟೆಯಾಗುತ್ತದೆ, ಗಾಳಿ ಕಡಿಮೆ ತಡೆಯುತ್ತದೆ, ಕಾರು ಹಗುರವಾಗುತ್ತದೆ. ಎರಡನೆಯ ಸಂಗತಿ ಪಂದ್ಯಕ್ಕೆ ಸಂಬಂಧವೇ ಇಲ್ಲದ್ದು: ಇಂಗ್ಲೆಂಡಿನ ಫೋರ್ಡ್ ಕಂಪನಿ ‘ಆಂಗ್ಲಿಯಾ’ ಎಂಬ ಹೊಸ ಸಂಸಾರಿ ಕಾರನ್ನು ಮಾರುಕಟ್ಟೆಗೆ ತಂದಿತು. ಅದರ ಎಂಜಿನ್ 997 ಸಿ.ಸಿ., ಶಕ್ತಿ 39 ಅಶ್ವ. ಕೇಳಿದರೆ ಯಾರೂ ತಲೆಯೆತ್ತಿ ನೋಡುವಂಥದ್ದಲ್ಲ.

ಇಲ್ಲಿ ಒಂದಿಷ್ಟು ಯಂತ್ರದ ವಿಚಾರ ಹೇಳಬೇಕಾಗಿದೆ. ಕಥೆಯ ತಿರುಳು ಇರುವುದು ಇಲ್ಲಿಯೇ. ಫಿಯೆಟ್ 1100ರ ಎಂಜಿನ್ನಿನ ಮೂಲ 1937ರದು. ಅದರ ಸಿಲಿಂಡರಿನ ಅಗಲ 68 ಮಿಲಿಮೀಟರ್, ಒಳಗೆ ಪಿಸ್ಟನ್ನು ಏರಿಳಿಯುವ ದೂರ 75 ಮಿಲಿಮೀಟರ್. ಅಂದರೆ ಕೊಳವೆ ಕಿರಿದು, ಓಟ ಉದ್ದ. ಸೇದುವ ಬಾವಿಯ ಹಾಗೆ. ಆಂಗ್ಲಿಯಾದ್ದು ಇದಕ್ಕೆ ತದ್ವಿರುದ್ಧ: ಅಗಲ ಸುಮಾರು 81, ಓಟ 48 ಚಿಲ್ಲರೆ. ಬಾವಿಯಲ್ಲ, ತಟ್ಟೆ. ಓಟ ಚಿಕ್ಕದಾದ್ದರಿಂದ ಪಿಸ್ಟನ್ನನ್ನು ಬಹಳ ವೇಗವಾಗಿ ಏರಿಳಿಸಿದರೂ ಅದು ತಾಳಿಕೊಳ್ಳುತ್ತದೆ. ಕೊಳವೆ ಅಗಲವಾದ್ದರಿಂದ ಗಾಳಿ ಹೋಗಿಬರುವ ಬಾಗಿಲುಗಳನ್ನು ದೊಡ್ಡದು ಮಾಡಬಹುದು. ಫೋರ್ಡ್ ಕಂಪನಿ ಇದನ್ನು ಪಂದ್ಯಕ್ಕಾಗಿ ಮಾಡಿದ್ದಲ್ಲ. ಆದರೆ ಆ 39 ಅಶ್ವಶಕ್ತಿಯ ಸಾಧು ಪ್ರಾಣಿಯೊಳಗೆ ಇನ್ನೊಂದು ಪ್ರಾಣಿ ಮಲಗಿದೆ ಎಂಬುದನ್ನು ಇಬ್ಬರು ಗುರುತಿಸಿದರು. ಒಬ್ಬ ಮೈಕ್ ಕಾಸ್ಟಿನ್. ಇನ್ನೊಬ್ಬ, ಲೋಟಸ್ ಕಂಪನಿಯ ಕೆಲಸ ಬಿಟ್ಟು ಬಂದ ಕೀತ್ ಡಕ್‌ವರ್ತ್. ಇಬ್ಬರ ಹೆಸರನ್ನೂ ಸಂಧಿ ಮಾಡಿ 1958ರಲ್ಲಿ ‘ಕಾಸ್‌ವರ್ತ್’ ಎಂಬ ಪುಟ್ಟ ಕಾರ್ಯಾಗಾರವನ್ನು ತೆರೆದಿದ್ದರು. ಮೊದಲ ಪ್ರಯತ್ನದಲ್ಲೇ ಅವರು ಆ ಎಂಜಿನ್ನಿನ ಶಕ್ತಿಯನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿದರು. 997 ಎಂಬುದು ಸಾವಿರದೊಳಗಿನ ಸಂಖ್ಯೆಯಾದ್ದರಿಂದ ಅವರ ಕಾರಿಗೆ 360 ಕಿಲೋ ಸಾಕು. ಚಿಕ್ಕವರ ಮೇಲಿನ ಕನಿಕರದಿಂದ ಲುರಾನಿ ಕೊಟ್ಟ ನಲವತ್ತು ಕಿಲೋ ಹೀಗೆ ಬಲಿಷ್ಠರ ಪಾಲಾಯಿತು.

1959ರ ಡಿಸೆಂಬರ್ 26, ಕ್ರಿಸ್ಮಸ್ಸಿನ ಮಾರನೆಯ ದಿನ, ಇಂಗ್ಲೆಂಡಿನ ಬ್ರ್ಯಾಂಡ್ಸ್ ಹ್ಯಾಚ್ ಎಂಬಲ್ಲಿ ನಡೆದ ಕಿರಿಯರ ಪಂದ್ಯವನ್ನು ನಾನು ಈ ಚರಿತ್ರೆಯ ತಿರುವೆಂದು ಎಣಿಸುತ್ತೇನೆ. ಆಂಗ್ಲಿಯಾ ಎಂಜಿನ್ನಿನ ಜೆಮಿನಿ ಎಂಬ ಕಾರಿನಲ್ಲಿ, ತನ್ನ ಮೊಟ್ಟಮೊದಲ ಒಂಟಿ ಆಸನದ ಪಂದ್ಯಕ್ಕೆ ಇಳಿದಿದ್ದವನು ಸ್ಕಾಟ್ಲೆಂಡಿನ ರೈತರ ಮನೆಯ ಹುಡುಗ ಜಿಮ್ ಕ್ಲಾರ್ಕ್. ಲೋಟಸ್ ಕಂಪನಿಯ ಕಾಲಿನ್ ಚಾಪ್‌ಮನ್ ತನ್ನ ಹೊಸ ಕಾರನ್ನು, ಲೋಟಸ್ 18 ಎಂಬುದನ್ನು, ಮೊದಲ ಬಾರಿಗೆ ಅಲ್ಲಿಯೇ ಹೊರತಂದ. ಗೆದ್ದವರು ಇವರಾರೂ ಅಲ್ಲ. ಜರ್ಮನಿಯ ಡಿ.ಕೆ.ಡಬ್ಲ್ಯು. ಎಂಜಿನ್ನಿನ ಎಲ್ವಾ ಎಂಬ ಕಾರಿನಲ್ಲಿ ಗೆದ್ದವನು ಪೀಟರ್ ಅರಂಡೆಲ್. ಅವನನ್ನು ಮತ್ತೆ ಕಾಣಲಿದ್ದೇವೆ.

ಲೋಟಸ್ 18ಕ್ಕೆ ಚೆಲುವೆಂಬುದು ಇರಲಿಲ್ಲ. ನಾಲ್ಕು ಚಕ್ರಗಳ ನಡುವೆ ಒಂದು ಟ್ರಂಕು ಇಟ್ಟಂತಿತ್ತು. ಆದರೆ 1960ರ ಮಾರ್ಚಿನಲ್ಲಿ ಗುಡ್‌ವುಡ್‌ನಲ್ಲಿ ಆ ಟ್ರಂಕಿನಲ್ಲಿ ಕ್ಲಾರ್ಕ್ ಮೊದಲಿಗನಾಗಿ ಬಂದ. ಎರಡನೆಯವನು, ಮೋಟಾರು ಸೈಕಲ್ಲಿನ ವಿಶ್ವ ಚಾಂಪಿಯನ್ನನಾಗಿದ್ದು ಅಂದು ಮೊದಲ ಬಾರಿಗೆ ಒಂಟಿ ಆಸನದ ಕಾರಿನಲ್ಲಿ ಪಂದ್ಯಕ್ಕೆ ಕುಳಿತಿದ್ದ ಜಾನ್ ಸರ್ಟೀಸ್. ಅವನಿಗೆ ಕೂಪರ್ ಕಾರನ್ನು ಒದಗಿಸಿದವನು ಕೆನ್ ಟಿರೆಲ್ ಎಂಬ ಮರದ ವ್ಯಾಪಾರಿ. ಒಂದು ಮಧ್ಯಾಹ್ನದ ಚಿಕ್ಕ ಪಂದ್ಯದಲ್ಲಿ ಮೊದಲ ಎರಡು ಸ್ಥಾನ ಪಡೆದ ಇಬ್ಬರೂ ಮುಂದೆ ವಿಶ್ವ ಚಾಂಪಿಯನ್ನರಾದರು. ಅದೇ ಮೇ ತಿಂಗಳಲ್ಲಿ ಮೊನಾಕೊದಲ್ಲಿ ಕಿರಿಯರ ಪಂದ್ಯ ಕೂಪರಿನ ಪಾಲಾಯಿತು. ಹಿರಿಯರ ಗ್ರ್ಯಾಂಡ್ ಪ್ರಿಯನ್ನು ಸ್ಟರ್ಲಿಂಗ್ ಮಾಸ್ ಗೆದ್ದದ್ದು ಅದೇ ಲೋಟಸ್ 18ರಲ್ಲಿ, ದೊಡ್ಡ ಎಂಜಿನ್ನನ್ನು ಇಟ್ಟು. ಕಿರಿಯರ ಕಾರು ಹಿರಿಯರದರ ಪುಟ್ಟ ಪ್ರತಿಯಾಗಿರಬೇಕೆಂದು ಸ್ಟಾಂಗ್ವೆಲ್ಲಿನಿ ಭಾವಿಸಿದ್ದ. ಈಗ ಕಿರಿಯರ ಕಾರೇ ಹಿರಿಯರದಾಗಿತ್ತು.

ಇಟಲಿಯವರು ಕೈಕಟ್ಟಿ ಕೂರಲಿಲ್ಲ. ಸ್ಟಾಂಗ್ವೆಲ್ಲಿನಿಯೂ ಕೊನೆಗೆ ಎಂಜಿನ್ನನ್ನು ಹಿಂದಕ್ಕೆ ಸಾಗಿಸಿ ‘ಡೆಲ್ಫಿನೊ’ ಎಂಬ ಕಾರನ್ನು ಕಟ್ಟಿದ. ಆದರೆ ಹೊಟ್ಟೆಯೊಳಗಿನ ಫಿಯೆಟ್ ಹಳೆಯದೇ. ಕಟ್ಟಳೆ ಹೇಳಿದ್ದೇನು? ಜನಬಳಕೆಯ ಕಾರಿನ ಎಂಜಿನ್ನನ್ನೇ ಬಳಸಬೇಕು ಎಂದು. ತಜ್ಞರು ಎಷ್ಟೇ ಜಾಣರಾದರೂ ತಮ್ಮ ನಾಡಿನ ಬೀದಿಯಲ್ಲಿ ಓಡುವ ಕಾರಿಗಿಂತ ಬಹಳ ಮುಂದೆ ಹೋಗುವಂತಿರಲಿಲ್ಲ. ಹಣವನ್ನು ಉಳಿಸಲೆಂದು ಮಾಡಿದ ಆ ಒಂದು ಕಟ್ಟಳೆ, ಪಂದ್ಯವನ್ನು ಚಾಲಕರ ಕೈಯಿಂದ ತೆಗೆದು ಯಾವ ದೇಶದ ಸಂಸಾರಿ ಕಾರು ಚೆನ್ನ ಎಂಬ ಪ್ರಶ್ನೆಗೆ ಕಟ್ಟಿಹಾಕಿತು. ಇಟಲಿಯ ಹುಡುಗರು ಮಾಡಿದ್ದು ಬುದ್ಧಿವಂತರು ಮಾಡುವುದನ್ನೇ: ಇಂಗ್ಲೆಂಡಿನಿಂದ ಲೋಟಸ್, ಕೂಪರ್ ಕಾರುಗಳನ್ನು ತರಿಸಿಕೊಂಡರು. ಇಟಲಿಯ ಕಿರಿಯರ ಚಾಂಪಿಯನ್ ಎನಿಸಿಕೊಂಡ, ‘ಗೆಕಿ’ ಎಂಬ ಹೆಸರಿನಿಂದ ಪಂದ್ಯಕ್ಕಿಳಿಯುತ್ತಿದ್ದ ಜಾಕೊಮೊ ರುಸ್ಸೊ ಓಡಿಸಿದ್ದೂ ಲೋಟಸ್ಸನ್ನೇ.

ಹಾಗಾದರೆ ಲುರಾನಿಯ ಕನಸು ಪೂರ್ತಿ ಬರಿದಾಯಿತೆ? ಒಂದು ದಿನದ ಮಟ್ಟಿಗೆ ಇಲ್ಲ. ಮಿಲಾನಿನ ಜಾನ್‌ಕಾರ್ಲೊ ಬಗೆಟ್ಟಿ ಎಂಬ ಮೃದು ಸ್ವಭಾವದ ಯುವಕ ಡಾಗ್ರಾಡಾ ಕಾರಿನಲ್ಲಿ, ಲಾನ್ಸಿಯಾ ಎಂಜಿನ್ನಿಟ್ಟುಕೊಂಡು, ಕಿರಿಯರ ಪಂದ್ಯಗಳಲ್ಲಿ ಹೆಸರು ಮಾಡಿದ್ದ. 1961ರಲ್ಲಿ ಇಟಲಿಯ ಪಂದ್ಯತಂಡಗಳ ಒಕ್ಕೂಟ, ಗರಡಿಯಿಂದ ಬಂದ ಹುಡುಗನೊಬ್ಬನಿಗೆ ಕೊಡುವೆವೆಂದು ಫೆರಾರಿಯಿಂದ ಒಂದು ಗ್ರ್ಯಾಂಡ್ ಪ್ರಿ ಕಾರನ್ನು ಎರವಲು ಪಡೆದಾಗ ಆಯ್ಕೆಯಾದವನು ಬಗೆಟ್ಟಿ. ಏಪ್ರಿಲಿನಲ್ಲಿ ಸಿರಕ್ಯೂಸ್, ಮೇ ತಿಂಗಳಲ್ಲಿ ನೇಪಲ್ಸ್, ಎರಡನ್ನೂ ಗೆದ್ದ. ಆದರೆ ಅವೆರಡೂ ವಿಶ್ವ ಚಾಂಪಿಯನ್ ಪಟ್ಟದ ಲೆಕ್ಕಕ್ಕೆ ಸೇರಿದವಲ್ಲ. ಲೆಕ್ಕಕ್ಕೆ ಸೇರಿದ ಅವನ ಮೊದಲ ಪಂದ್ಯ ಜುಲೈ 2ರ ರೀಮ್ಸ್. ಮೂರು ವರ್ಷದ ಹಿಂದೆ ಮುಸ್ಸೊ ಸತ್ತ ಜಾಗ. ಸೆಖೆಗೆ ರಸ್ತೆಯ ಡಾಂಬರು ಕರಗಿ ಕಲ್ಲುಗಳು ಏಳುತ್ತಿದ್ದವು. ಫೆರಾರಿಯ ಮೂವರು ಹಿರಿಯ ಚಾಲಕರೂ ಒಬ್ಬರಾದಮೇಲೊಬ್ಬರು ಹಿಂದೆ ಬಿದ್ದರು. ಉಳಿದವನು ಈ ಎರವಲು ಕಾರಿನ ಹುಡುಗ, ಎದುರಿಗೆ ಪೋರ್ಷೆಯ ಎರಡು ಕಾರುಗಳು. ಕೊನೆಯ ಸುತ್ತಿನ ಕೊನೆಯ ನೇರ ದಾರಿಯಲ್ಲಿ ಅಮೆರಿಕದ ಡಾನ್ ಗರ್ನಿಯ ಬೆನ್ನಿಗೆ ಅಂಟಿಕೊಂಡು, ಅವನು ಸೀಳಿದ ಗಾಳಿಯ ನೆರಳಲ್ಲೇ ವೇಗ ಕೂಡಿಸಿಕೊಂಡು, ಗೆರೆ ಇನ್ನೇನು ಬಂತು ಎನ್ನುವಾಗ ಪಕ್ಕಕ್ಕೆ ಸರಿದು ಮುಂದಾದ. ಅಂತರ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗ.

ಆ ಸಂಜೆ ಲುರಾನಿಗೆ ಏನನ್ನಿಸಿರಬಹುದೆಂದು ಊಹಿಸುವುದು ಕಷ್ಟವಲ್ಲ. ಅದಾದಮೇಲೆ ಬಗೆಟ್ಟಿ ವಿಶ್ವ ಚಾಂಪಿಯನ್ ಪಟ್ಟದ ಪಂದ್ಯಗಳಲ್ಲಿ ಇನ್ನೊಂದನ್ನೂ ಗೆಲ್ಲಲಿಲ್ಲ. ಅದೇ ಗರಡಿಯ ಲೊರೆಂಜೊ ಬಂದೀನಿ 1964ರಲ್ಲಿ ಆಸ್ಟ್ರಿಯಾದಲ್ಲಿ ಒಂದನ್ನು ಗೆದ್ದು, 1967ರ ಮೇ ತಿಂಗಳಲ್ಲಿ ಮೊನಾಕೊದಲ್ಲಿ ಸುಟ್ಟುಹೋದ. ಒಂದು ತಿಂಗಳು ಕಳೆಯುತ್ತಲೇ ಗೆಕಿಯೂ ಕಸೆರ್ಟಾದಲ್ಲಿ ಸತ್ತ. ಕಿರಿಯರ ಪಂದ್ಯವೆಂದು ಸಾವು ಕಿರಿದಾಗುವುದಿಲ್ಲ. 1960ರಲ್ಲೇ ಇಂಗ್ಲೆಂಡಿನ ಕ್ರಿಸ್ ತ್ರೆಲ್‌ಫಾಲ್ ಫ್ರಾನ್ಸಿನ ಏಕ್ಸ್-ಲೆ-ಬ್ಯಾಂನಲ್ಲಿ ಜೂನಿಯರ್ ಕಾರಿನಲ್ಲೇ ಮಡಿದಿದ್ದ. ಮಕ್ಕಳನ್ನು ಕಾಪಾಡಲು ಕಟ್ಟಿದ ಗರಡಿಯಲ್ಲ ಅದು, ಕಳುಹಿಸಲು ಕಟ್ಟಿದ್ದು. ಶಿಕ್ಷಕನಾಗಿದ್ದವನಿಗೆ ಈ ಭಾಗವನ್ನು ಓದುವುದು ಸುಲಭವಲ್ಲ.

ಪೀಟರ್ ಅರಂಡೆಲ್‌ನ ಕಡೆಗೆ ಹಿಂದಿರುಗೋಣ. 1961ರ ಹೊತ್ತಿಗೆ ಅವನು ಲೋಟಸ್ ತಂಡ ಸೇರಿದ್ದ. ಆ ವರ್ಷವೂ ಮರುವರ್ಷವೂ ಮೊನಾಕೊದ ಕಿರಿಯರ ಪಂದ್ಯ ಅವನದೇ. 1962ರಲ್ಲಿ ಲೋಟಸ್ 22 ಎಂಬ ಕಾರಿನಲ್ಲಿ 25 ಪಂದ್ಯಗಳಲ್ಲಿ 18ನ್ನು ಗೆದ್ದ. ಇದು ಸಹಜವೆ ಎಂಬ ಪ್ರಶ್ನೆ ಏಳದಿರಲು ಸಾಧ್ಯವಿರಲಿಲ್ಲ. ಎತ್ತಿದವನು ಜರ್ಮನಿಯ ರಿಶಾರ್ಡ್ ಫಾನ್ ಫ್ರಾಂಕೆನ್‌ಬೆರ್ಗ್. ಹಗುರ ಮನುಷ್ಯನಲ್ಲ: ಪೋರ್ಷೆಯ ಹೆಸರಾಂತ ಚಾಲಕ, 1956ರಲ್ಲಿ ಬರ್ಲಿನ್ನಿನ ಆವುಸ್ ಹಾದಿಯಲ್ಲಿ ಕಾರು ಇಳಿಜಾರು ಗೋಡೆಯನ್ನು ದಾಟಿ ಹಾರಿಬಿದ್ದಾಗ ಪವಾಡವೆಂಬಂತೆ ಬದುಕಿ ಬಂದವನು, ಆಮೇಲೆ ಪತ್ರಕರ್ತ. ಆ ಬೇಸಗೆಯಲ್ಲಿ ಮೊಂಜಾದಲ್ಲಿ ಅರಂಡೆಲ್ ಗೆದ್ದ ವೇಗ 1100 ಸಿ.ಸಿ. ಎಂಜಿನ್ನಿನಿಂದ ಬರುವಂಥದ್ದಲ್ಲ, ಲೋಟಸ್ಸಿನವರು ಒಳಗೆ ದೊಡ್ಡ ಎಂಜಿನ್ನನ್ನು ಅಡಗಿಸಿದ್ದಾರೆ ಎಂದು ಆತ ಅಚ್ಚುಹಾಕಿಸಿಬಿಟ್ಟ.

ಚಾಪ್‌ಮನ್ ನ್ಯಾಯಾಲಯಕ್ಕೆ ಹೋಗಲಿಲ್ಲ. ಪಂಥ ಕಟ್ಟಿದ. ಅದೇ ಕಾರು, ಅದೇ ಚಾಲಕ, ಅದೇ ಮೊಂಜಾ, ಅದೇ 30 ಸುತ್ತು. ಪಂದ್ಯದ ದಿನದ ವೇಗವನ್ನು ಮುಟ್ಟಬೇಕು. ಮುಗಿದಮೇಲೆ ಎಲ್ಲರೆದುರಿಗೆ ಎಂಜಿನ್ನನ್ನು ಬಿಚ್ಚಿ ಅಳೆಯಬೇಕು. ಸೋತವನು ಗೆದ್ದವನಿಗೆ ಸಾವಿರ ಪೌಂಡು ಕೊಡಬೇಕು. ಡಿಸೆಂಬರಿನ ಚಳಿಯಲ್ಲಿ, ಪ್ರೇಕ್ಷಕರಿಲ್ಲದ ಆ ವಿಶಾಲ ಹಾದಿಯಲ್ಲಿ ಅರಂಡೆಲ್ ಒಬ್ಬನೇ ಸುತ್ತತೊಡಗಿದ. ನೂರೆಪ್ಪತ್ತು ಕಿಲೋಮೀಟರಿಗೂ ಮಿಗಿಲು ಓಟ. ಮುಂದೆ ಹಿಂಬಾಲಿಸಲು ಒಂದು ಕಾರಿಲ್ಲ, ಹಿಂದೆ ಅಟ್ಟಿಬರುವವನಿಲ್ಲ. ಕಲ್ಲಿನ ಚೂರೊಂದು ಸಿಡಿದರೆ, ಒಂದು ತಂತಿ ಕಡಿದರೆ, ಇಡೀ ತಂಡ ಕಳ್ಳರೆಂದು ಲೋಕ ತೀರ್ಮಾನಿಸಿಬಿಡುತ್ತಿತ್ತು. ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಉಸಿರುಕಟ್ಟಿಸುವ ಭಾಗವಿದು. ಇದರಲ್ಲಿ ಪ್ರತಿಸ್ಪರ್ಧಿಯೇ ಇಲ್ಲ ಎಂಬುದು ವಿಚಿತ್ರ. ಅರಂಡೆಲ್ ಪಂದ್ಯದ ದಿನಕ್ಕಿಂತಲೂ ಹೆಚ್ಚಿನ ವೇಗದಲ್ಲಿ ಮುಗಿಸಿದ. ಎಂಜಿನ್ನನ್ನು ಬಿಚ್ಚಿ ಅಳೆದರು. 1100ರೊಳಗೇ ಇತ್ತು. ಫ್ರಾಂಕೆನ್‌ಬೆರ್ಗ್ ಹಣ ತೆತ್ತ.

ಫ್ರಾಂಕೆನ್‌ಬೆರ್ಗನನ್ನು ಹೊಟ್ಟೆಕಿಚ್ಚಿನವನೆಂದು ತಳ್ಳಿಹಾಕಲು ನಾನು ಒಪ್ಪುವುದಿಲ್ಲ. ಅವನ ಅನುಮಾನಕ್ಕೆ ಆಧಾರವಿತ್ತು. ಸಂಸಾರಿ ಕಾರಿನ ಎಂಜಿನ್ನೆಂದರೆ ಇಷ್ಟು ಕೊಡಬಹುದು ಎಂಬ ಒಂದು ಅಂದಾಜಿನ ಮೇಲೆಯೇ ಲುರಾನಿಯ ಇಡೀ ಲೆಕ್ಕ ನಿಂತಿತ್ತು. ಫ್ರಾಂಕೆನ್‌ಬೆರ್ಗನೂ ಅದನ್ನೇ ನಂಬಿದ್ದ. ಹುಟ್ಟಿದಾಗ 39 ಅಶ್ವಶಕ್ತಿಯಿದ್ದ ಆಂಗ್ಲಿಯಾ ಎಂಜಿನ್, ಹಿಗ್ಗಿಸಿ 1100ರ ಅಂಚಿಗೆ ತಂದಮೇಲೆ, ಕಾಸ್‌ವರ್ತ್‌ನವರ ಕೈಯಲ್ಲಿ ನೂರನ್ನು ದಾಟಿಹೋಗಿತ್ತು. ಹಳೆಯ ಅಂದಾಜು ಸತ್ತುಹೋಗಿದೆ ಎಂಬುದು ಮೊಂಜಾದ ಆ ಚಳಿಯಲ್ಲಿ ಎಲ್ಲರಿಗೂ ಒಟ್ಟಿಗೆ ಗೊತ್ತಾಯಿತು.

ಅಗ್ಗ ಎಂಬ ಮಾತೂ ಅಷ್ಟು ಹೊತ್ತಿಗೆ ಸತ್ತಿತ್ತು. ಪ್ರತಿವರ್ಷವೂ ಹೊಸ ಕಾರು ಬರುತ್ತಿತ್ತು, ಹೋದ ವರ್ಷದ್ದಕ್ಕೆ ಬೆಲೆಯಿಲ್ಲ. 1961ರ ಲೋಟಸ್ 20 ಮರುವರ್ಷ ಮೂಲೆಗೆ. 1963ರಲ್ಲಿ ಬಂದ ಲೋಟಸ್ 27 ಅಂದಿನ ಗ್ರ್ಯಾಂಡ್ ಪ್ರಿ ಕಾರಿನ ತಂತ್ರವನ್ನೇ ಮೈಗೂಡಿಸಿಕೊಂಡಿತ್ತು. ಜ್ಯಾಕ್ ಬ್ರಬಾಮ್ ಕೂಡ 1961ರಲ್ಲಿ ಗೆಳೆಯ ರಾನ್ ಟಾರನಾಕ್ ಜೊತೆ ಸ್ವಂತ ಕಾರ್ಖಾನೆ ತೆರೆದು ಮೊದಲು ಕಟ್ಟಿದ್ದು ಜೂನಿಯರ್ ಕಾರು. ಕಂಪನಿಯ ಹೆಸರಿನ ಮೂರು ಅಕ್ಷರಗಳನ್ನು ಕೂಡಿಸಿ ಅದಕ್ಕೆ ‘ಎಂ.ಆರ್.ಡಿ.’ ಎಂದು ಹೆಸರಿಟ್ಟರು. ಅದನ್ನು ಫ್ರೆಂಚರು ಉಚ್ಚರಿಸಿದರೆ ಆಕಾಶವಾಣಿಯಲ್ಲಿ ಹೇಳಲಾಗದ ಒಂದು ಪದವಾಗುತ್ತದೆಂದು ಹಿತೈಷಿಯೊಬ್ಬ ತಿಳಿಸಿದಮೇಲೆ ಬ್ರಬಾಮ್ ಎಂದು ಬದಲಿಸಿಕೊಂಡರು. 1963ರ ಕೊನೆಗೆ ಫಾರ್ಮುಲಾ ಜೂನಿಯರನ್ನು ಕೈಬಿಡಲಾಯಿತು. 1964ರಿಂದ ಅದರ ಜಾಗಕ್ಕೆ ಒಂದರ ಬದಲು ಎರಡು ಬಂದವು: 1000 ಸಿ.ಸಿ.ಯ ಫಾರ್ಮುಲಾ ಎರಡು ಮತ್ತು ಫಾರ್ಮುಲಾ ಮೂರು.

ಅರಂಡೆಲ್ ಆ ವರ್ಷ ಗ್ರ್ಯಾಂಡ್ ಪ್ರಿ ತಂಡಕ್ಕೆ ಬಡ್ತಿ ಪಡೆದ. ಮೊದಲ ಎರಡು ಪಂದ್ಯಗಳಲ್ಲೂ ಮೂರನೆಯವನಾಗಿ ಬಂದ. ಜುಲೈಯಲ್ಲಿ ರೀಮ್ಸ್‌ನಲ್ಲಿ, ಬಗೆಟ್ಟಿಗೆ ಭಾಗ್ಯ ಒಲಿದ ಆ ಹಾದಿಯಲ್ಲೇ, ಫಾರ್ಮುಲಾ ಎರಡರ ಪಂದ್ಯದಲ್ಲಿ ಭೀಕರ ಅಪಘಾತಕ್ಕೆ ಸಿಕ್ಕಿ ಮೂಳೆಗಳನ್ನು ಮುರಿದುಕೊಂಡ. 1966ರಲ್ಲಿ ಹಿಂದಿರುಗಿದಾಗ ಹಳೆಯ ಅರಂಡೆಲ್ ಬರಲಿಲ್ಲ. 2009ರವರೆಗೆ ಬದುಕಿದ್ದ. ಮೊಂಜಾದ ಆ ಮೂವತ್ತು ಸುತ್ತುಗಳ ಏಕಾಂತವನ್ನು ಬಲ್ಲವರು ಮಾತ್ರ ಅವನನ್ನು ನೆನೆಯುತ್ತಾರೆ.

ಗರಡಿಯ ಉಳಿದ ಹುಡುಗರು? ಕ್ಲಾರ್ಕ್, ಸರ್ಟೀಸ್, ನ್ಯೂಜಿಲೆಂಡಿನ ಡೆನಿ ಹಲ್ಮ್, ಆಸ್ಟ್ರಿಯಾದ ಯೋಖೆನ್ ರಿಂಟ್. ನಾಲ್ವರು ವಿಶ್ವ ಚಾಂಪಿಯನ್ನರು. ಹಲ್ಮ್ 1960ರಲ್ಲಿ ಇಟಲಿಯ ಪೆಸ್ಕಾರಾದ ಕಿರಿಯರ ಪಂದ್ಯವನ್ನು ಗೆದ್ದವನು. ಬರಿಗಾಲಲ್ಲಿ ಕಾರು ಓಡಿಸುವ ಅಭ್ಯಾಸ ಅವನದು. ರಿಂಟ್ ಜೂನಿಯರ್ ಕಾರಿನಲ್ಲಿ ಮೊದಲು ಹೆಸರಾದದ್ದು 1963ರಲ್ಲಿ, ಇಟಲಿಯ ಚೆಸೆನಾಟಿಕೊದಲ್ಲಿ; ಸತ್ತದ್ದು 1970ರಲ್ಲಿ, ಮೊಂಜಾದಲ್ಲಿ. ಇಟಲಿಯವನು ಆ ನಾಲ್ವರಲ್ಲಿ ಒಬ್ಬನೂ ಇಲ್ಲ. 1953ರ ಅಸ್ಕಾರಿಯ ಬಳಿಕ ಆ ಶತಮಾನ ಮುಗಿಯುವವರೆಗೂ ಇಟಲಿಗೆ ಇನ್ನೊಬ್ಬ ವಿಶ್ವ ಚಾಂಪಿಯನ್ ದೊರೆಯಲಿಲ್ಲ. ಆಂಗ್ಲಿಯಾದ ಎಂಜಿನ್ನಿನ ಮೇಲೆ ಕೈ ಪಳಗಿಸಿಕೊಂಡ ಡಕ್‌ವರ್ತ್, 1967ರಲ್ಲಿ ಫೋರ್ಡ್ ಕೊಟ್ಟ ಒಂದು ಲಕ್ಷ ಪೌಂಡಿನಿಂದ ಗ್ರ್ಯಾಂಡ್ ಪ್ರಿ ಎಂಜಿನ್ನನ್ನು ರೂಪಿಸಿದ. ಹದಿನೇಳು ವರ್ಷಗಳಲ್ಲಿ ಅದರ ವಂಶ 155 ಗ್ರ್ಯಾಂಡ್ ಪ್ರಿಗಳನ್ನು ಗೆದ್ದಿತು. ಆ 155ರಲ್ಲಿ ಕೊನೆಯದು 1983ರ ಜೂನ್ 5ರಂದು ಅಮೆರಿಕದ ಡೆಟ್ರಾಯಿಟ್‌ನಲ್ಲಿ. ಕಾರು, ಗುಡ್‌ವುಡ್‌ನಲ್ಲಿ ಸರ್ಟೀಸನನ್ನು ಕೂರಿಸಿದ್ದ ಆ ಮರದ ವ್ಯಾಪಾರಿ ಕೆನ್ ಟಿರೆಲ್‌ನದು. ಚಾಲಕ ಮಿಲಾನಿನವನು, ಮಿಕೇಲೆ ಆಲ್ಬೊರೆಟೊ.

ಲುರಾನಿ ಅದನ್ನು ನೋಡಲು ಇದ್ದ. 1995ರ ಜನವರಿಯಲ್ಲಿ ತೀರಿಕೊಂಡ. ಬಗೆಟ್ಟಿಯೂ ಅದೇ ವರ್ಷದ ನವೆಂಬರಿನಲ್ಲಿ. ಹಳೆಯ ಜೂನಿಯರ್ ಕಾರುಗಳನ್ನು ಒರಸಿ ತೊಳೆದು ಓಡಿಸುವ ಉತ್ಸಾಹಿಗಳು ಲುರಾನಿಯ ಹೆಸರಿನಲ್ಲೊಂದು ಟ್ರೋಫಿಯನ್ನಿಟ್ಟು ಯೂರೋಪಿನ ಹಾದಿಗಳಲ್ಲಿ ಮತ್ತೆ ಪಂದ್ಯ ನಡೆಸುತ್ತ ಬಂದಿದ್ದಾರೆ. ಅಲ್ಲಿ ಎಂಜಿನ್ ಮುಂದಿರುವ ಕಾರುಗಳಿಗೆ ಬೇರೆಯೇ ವರ್ಗ. ಲೋಟಸ್ಸುಗಳೆಲ್ಲ ಮುಂದೆ ಹೋದಮೇಲೆ ಉದ್ದ ಮೂತಿಯ ಸ್ಟಾಂಗ್ವೆಲ್ಲಿನಿಯೊಂದು ತನ್ನ ಸರೀಕರೊಡನೆ ಸೆಣಸುತ್ತ ಬಂದು, ತನ್ನ ವರ್ಗದ ಬಹುಮಾನವನ್ನು ಪಡೆದುಕೊಂಡು ಹೋಗುತ್ತದೆ.